ಬರೆದಿಟ್ಟ ಕಾರಣ

ಮಕ್ಕಳೇ, ಕಾರಣ ಹೇಳದೆ ಯಾರಾದರೂ ನಿಮ್ಮ ಪಾಟಿಚೀಲವನ್ನು ತೆಗೆದು ನೋಡಿದರೆ ನಿಮಗೆ ನೋವಾಗುತ್ತದೆ, ಅಲ್ಲವೇ? ಮನೆಯ ಮಾತೂ ಹಾಗೆಯೇ.

ಊರಿನಲ್ಲಿ ಒಂದು ಸೈಕಲ್ ಕಳವಾಯಿತು ಎಂದುಕೊಳ್ಳಿರಿ. ಅದಕ್ಕಾಗಿ ಮನೆಯನ್ನು ಶೋಧಿಸಲು ಪೊಲೀಸರಿಗೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟು ಬೇಕು. ವಾರಂಟು ತರುವಷ್ಟರಲ್ಲಿ ಬಹಳ ತಡವಾಗುವಂತಿದ್ದರೆ ತನಿಖೆಯ ಅಧಿಕಾರಿ ಅದಿಲ್ಲದೆಯೂ ಶೋಧಿಸಬಹುದು. ಆದರೆ ಸೈಕಲ್ ಅಲ್ಲಿದೆ ಎಂದು ನಂಬಲು ತಕ್ಕ ಕಾರಣವಿರಬೇಕು. ಅದನ್ನು ಆ ಮನೆಗೆ ಒಯ್ದುದನ್ನು ಕಂಡವರಿದ್ದರೆ ಅದು ಕಾರಣ. ಅಲ್ಲಿರುವವರು ಬಡವರು, ಹೊಸಬರು ಎಂಬುದು ಕಾರಣವಲ್ಲ.

ಆ ಕಾರಣವನ್ನು ಅಧಿಕಾರಿ ಶೋಧಕ್ಕೆ ಮೊದಲೇ ಬರೆದಿಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಅದರ ಪ್ರತಿ 48 ತಾಸಿನೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಕೊಟ್ಟರೆ ಅವರಿಗೂ ಉಚಿತವಾಗಿ ಪ್ರತಿ ಸಿಗುತ್ತದೆ.

ಯೋಚಿಸಿ ಹೇಳಿರಿ: ಕಾರಣವನ್ನು ಶೋಧಕ್ಕೆ ಮೊದಲೇ ಏಕೆ ಬರೆದಿಡಬೇಕು?