ಶಿಫಾರಸನ್ನು ಅವರ ಕೈಯಲ್ಲೇ ಬರೆಸು

ನೋಡಮ್ಮ, ಗೈಡ್‌ಲೈನ್ ಹೇಗೆ ತಯಾರಾಗುತ್ತದೆ ಅಂತ ಪಿಜಿ ಮಕ್ಕಳಿಗೆ ವರ್ಕ್‌ಶಾಪ್ ಮಾಡ್ತೀನಿ ಅಂದೆಯಲ್ಲ, ತುಂಬ ಸಂತೋಷವಾಯಿತು. ಎಂ.ಡಿ. ಮುಗಿಸುವಷ್ಟರಲ್ಲಿ ನಮ್ಮ ಮಕ್ಕಳಿಗೆ ಹತ್ತಾರು ಗೈಡ್‌ಲೈನ್ ಬಾಯಿಗೆ ಬಂದಿರುತ್ತದೆ. ಯಾರು ಕೂತು ಬರೆದರು, ಯಾವ ಆಧಾರದ ಮೇಲೆ ಬರೆದರು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನೀನು ಕೈಹಾಕಿರುವುದು ಆಗಲೇಬೇಕಿದ್ದ ಕೆಲಸ.

ಒಂದು ಮಾತು ಕೇಳು. ಗ್ರೇಡ್ ಪದ್ಧತಿಯ ಸ್ಲೈಡಿನಿಂದ ಶುರು ಮಾಡಬೇಡ. ಪುರಾವೆಗೆ ನಾಲ್ಕು ದರ್ಜೆ, ದರ್ಜೆ ಇಳಿಸಲು ಐದು ಕಾರಣ, ಇದನ್ನೆಲ್ಲ ಅವರು ಒಂದು ಸಂಜೆಯಲ್ಲಿ ಓದಿಕೊಳ್ಳುತ್ತಾರೆ. ನೀನು ನಮ್ಮ ಲೇಬರ್ ವಾರ್ಡಿನ ಪ್ರಶ್ನೆಯೊಂದನ್ನು ಮುಂದಿಡು: ದಿನ ತುಂಬುವ ಮೊದಲೇ ನೋವು ಬಂದ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡಬೇಕೋ ಬೇಡವೋ?

'ಕೊಡಬೇಕು' ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿದ್ದರಲ್ಲ, ಮಗುವಿನ ಉಸಿರಾಟದ ತೊಂದರೆ ತಗ್ಗುತ್ತದೆ ಎಂದು. ಆಗ ಇನ್ನೊಂದು ಕಾಗದ ಕೊಡು. ಆರು ದೇಶಗಳಲ್ಲಿ, ಹೆಚ್ಚಾಗಿ ಹಳ್ಳಿಗಾಡಿನಲ್ಲಿ, ಸುಮಾರು ಒಂದು ಲಕ್ಷ ಹೆರಿಗೆಗಳನ್ನು ನೋಡಿದ 'ಆಕ್ಟ್' ಅಧ್ಯಯನ. ನಮ್ಮ ಬೆಳಗಾವಿಯೂ ಅದರಲ್ಲಿತ್ತು. 2014ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ಇಂಜೆಕ್ಷನ್ ಬಳಕೆ ಹೆಚ್ಚಿಸಿದ ಊರುಗಳಲ್ಲಿ ನವಜಾತ ಶಿಶುಗಳ ಸಾವು ಸಾವಿರಕ್ಕೆ ಮೂರೂವರೆಯಷ್ಟು ಹೆಚ್ಚಾಗಿತ್ತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಇಂಜೆಕ್ಷನ್ ಪಡೆದವರಲ್ಲಿ ಬಹುಪಾಲು ತಾಯಂದಿರಿಗೆ ಹುಟ್ಟಿದ್ದು ಅಷ್ಟೇನೂ ಸಣ್ಣ ಮಕ್ಕಳಲ್ಲ.

ಇಲ್ಲಿ ನಿಲ್ಲಿಸು. ಅವಸರ ಬೇಡ, ಅವರು ಜಗಳವಾಡಲಿ. ಒಬ್ಬ ತಾಲೂಕು ಆಸ್ಪತ್ರೆಯ ಡಾಕ್ಟರು, ಒಬ್ಬಳು ಸ್ಟಾಫ್ ನರ್ಸ್, ಒಬ್ಬ ಮಕ್ಕಳ ತಜ್ಞ ಎಂದು ಪಾತ್ರ ಹಂಚು. ಔಷಧ ಕಂಪನಿಯಿಂದ ಸಂಭಾವನೆ ಪಡೆದವರು ಇದ್ದರೆ ಮೊದಲೇ ಹೇಳಬೇಕು, ಮತ ಹಾಕಬಾರದು ಎಂಬ ನಿಯಮ ಮಾಡು. ತಾಯಿಯ ಪಾತ್ರ ಮಾತ್ರ ಯಾರಿಗೂ ಕೊಡಬೇಡ. ಅವಧಿಗೆ ಮುಂಚೆ ಹೆತ್ತ ಒಬ್ಬ ತಾಯಿಯನ್ನೇ ಒಪ್ಪಿಸಿ ಕರೆದುಕೊಂಡು ಬಾ. ಯಾವ ಫಲಿತಾಂಶ ಮುಖ್ಯ ಎಂದು ಆಕೆ ಹೇಳುವಾಗ ನಮ್ಮ ಪಟ್ಟಿ ಅಲುಗಾಡುತ್ತದೆ, ನಾನು ಕಂಡಿದ್ದೇನೆ.

ಶಿಫಾರಸಿನ ವಾಕ್ಯವನ್ನು ಅವರೇ ಬರೆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಗೈಡ್‌ಲೈನ್ ತೆರೆದು ತೋರಿಸು. 'ಕೊಡಿ' ಎಂದಷ್ಟೇ ಹೇಳಿ ಕೈತೊಳೆದುಕೊಂಡಿಲ್ಲ. ಗರ್ಭದ ವಾರ ಸರಿಯಾಗಿ ಗೊತ್ತಿರಬೇಕು, ಹೆರಿಗೆ ಹತ್ತಿರವಿರಬೇಕು, ತಾಯಿಗೆ ಸೋಂಕಿರಬಾರದು, ಹೆರಿಗೆಗೂ ಹಸುಗೂಸಿಗೂ ತಕ್ಕ ಆರೈಕೆ ಅಲ್ಲೇ ಸಿಗಬೇಕು ಎಂದಿದೆ. ಆ ಷರತ್ತುಗಳಲ್ಲೇ ಗೈಡ್‌ಲೈನಿನ ಜೀವ ಇರುವುದು. ನಮ್ಮವರು ಫ್ಲೋಚಾರ್ಟ್ ಮಾಡುವಾಗ ಮೊದಲು ಬಿಟ್ಟುಬಿಡುವುದೂ ಅವನ್ನೇ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

2020ರ 'ಆಕ್ಷನ್' ಅಧ್ಯಯನವನ್ನು ಕೊನೆಗೆ ಇಟ್ಟುಕೋ. ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳು. ಸ್ಕ್ಯಾನಿಂಗ್‌ನಿಂದ ವಾರ ಖಚಿತಪಡಿಸಿಕೊಂಡು, ಆರೈಕೆಯ ವ್ಯವಸ್ಥೆ ಇರುವಲ್ಲಿ ಡೆಕ್ಸಾಮೆಥಾಸೋನ್ ಕೊಟ್ಟರು. ಶಿಶುಗಳ ಸಾವು ಶೇ. 23.5ರಿಂದ ಶೇ. 19.6ಕ್ಕೆ ಇಳಿಯಿತು. ಔಷಧ ಅದೇ, ಕೊಟ್ಟ ಜಾಗ ಬೇರೆ. ಪುರಾವೆ ಎಲ್ಲಿಯದು, ನನ್ನ ರೋಗಿ ಎಲ್ಲಿಯವಳು ಎಂದು ಕೇಳುವ ಅಭ್ಯಾಸ ಇಂಥ ಕಡೆಯೇ ಬರಬೇಕು.

ವರ್ಕ್‌ಶಾಪ್ ಮುಗಿದ ಮೇಲೆ ಸರ್ಟಿಫಿಕೇಟು ತಕ್ಷಣ ಹಂಚಬೇಡಮ್ಮ. ಒಬ್ಬೊಬ್ಬರನ್ನೂ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸು. ತಾಯಿ ಕಾರ್ಡುಗಳಲ್ಲಿ ಕೊನೆಯ ಮುಟ್ಟಿನ ತಾರೀಖು ಬರೆದಿದ್ದಾರೆಯೇ, ಮೊದಲ ಸ್ಕ್ಯಾನಿಂಗ್ ಎಷ್ಟನೇ ವಾರಕ್ಕಾಯಿತು, ಅರ್ಧರಾತ್ರಿ ನೋವು ಬಂದರೆ ಹಸುಗೂಸುಗಳ ಘಟಕ ಇರುವ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂದು ಬರೆದುಕೊಂಡು ಬರಲಿ. ಆಮೇಲೆ ತಾವು ಬರೆದ ಶಿಫಾರಸನ್ನು ಇನ್ನೊಮ್ಮೆ ತಿದ್ದಲಿ.