ಕೋಡಿ ಇಲ್ಲದ ಕಣ್ಣು

ಹಿರಿಯೂರಿನವರಿಗೆ ಕೋಡಿ ಎಂದರೇನು ಎಂದು ಹೇಳಿಕೊಡಬೇಕಿಲ್ಲ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ನೋಡಲು ಮಾರಿಕಣಿವೆಯಲ್ಲಿ ಜನ ಮುಗಿಬಿದ್ದಿದ್ದರು. ವೇದಾವತಿ ತಂದ ನೀರು ಮಿಕ್ಕರೆ ಹರಿದುಹೋಗಲು ಅಲ್ಲೊಂದು ದಾರಿಯಿದೆ. ಕಣ್ಣಿಗೆ ಅಂಥ ಕೋಡಿಯಿಲ್ಲ.

ಕಣ್ಣಿನೊಳಗೆ ಹಗಲಿರುಳೂ ಒಂದು ತಿಳಿನೀರು ಊರುತ್ತಿರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ಕರಿಗುಡ್ಡೆಯ ಅಂಚಿನ ಮೂಲೆಯಲ್ಲಿರುವ ಜರಡಿಯಂಥ ಜಾಲದಲ್ಲಿ ಸೋಸಿ ಅದು ರಕ್ತಕ್ಕೆ ಸೇರಬೇಕು. ಜರಡಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಹಿಂದಿನ ದೃಷ್ಟಿನರ ವರ್ಷಗಳ ಕಾಲ ಸದ್ದಿಲ್ಲದೆ ಸೊರಗುತ್ತದೆ. ಇದೇ ಗ್ಲಾಕೋಮ. ಒತ್ತಡ ಏರದೆಯೂ ನರ ಸೊರಗುವವರಿದ್ದಾರೆ, ಹಾಗಾಗಿ ಒತ್ತಡ ಅಳೆದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಪೊರೆ ತೆಗೆದರೆ ನೋಟ ಮರಳುತ್ತದೆ, ಸತ್ತ ನರ ಮಾತ್ರ ಮರಳದು. ಹನಿ ಔಷಧ, ಲೇಸರ್, ಆಪರೇಷನ್, ಇವೆಲ್ಲ ಉಳಿದ ನೋಟವನ್ನು ಕಾಯಲು ಇರುವವು.

ಈ ಕಾಯಿಲೆ ಸಿಕ್ಕಿಬೀಳದಿರಲು ಕಾರಣವಿದೆ. ನೋಟ ಮೊದಲು ಪಕ್ಕದಲ್ಲಿ ಅಳಿಯುತ್ತದೆ, ನಡುವಿನದು ಕೊನೆಯವರೆಗೂ ಉಳಿದಿರುತ್ತದೆ. ಹೊಸದುರ್ಗದ ತೋಟದಲ್ಲಿ ತೆಂಗಿನಕಾಯಿ ಸುಲಿಯುವವರಿಗೆ ಕೈಯಲ್ಲಿರುವ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಪಕ್ಕದಿಂದ ಬಂದ ದನ ಮಾತ್ರ ಡಿಕ್ಕಿ ಹೊಡೆದ ಮೇಲೆಯೇ ಗೊತ್ತಾಗುತ್ತದೆ. ಶಿಬಿರದಲ್ಲಿ ಬೋರ್ಡಿನ ಅಕ್ಷರಗಳನ್ನೆಲ್ಲ ಓದಿ ‘ಕಣ್ಣು ಸರಿಯಿದೆ’ ಅನ್ನಿಸಿಕೊಂಡು ಮನೆಗೆ ಬರುವವರಲ್ಲೂ ಈ ರೋಗ ಇರಬಹುದು. ಭಾರತದಲ್ಲಿ ಸುಮಾರು 1.2 ಕೋಟಿ ಮಂದಿಗೆ ಗ್ಲಾಕೋಮ ಇದೆಯೆಂಬ ಅಂದಾಜಿದೆ. ದಕ್ಷಿಣದ ರಾಜ್ಯಗಳಲ್ಲಿ ಊರೂರು ಸುತ್ತಿ ಮಾಡಿದ ಸಮೀಕ್ಷೆಗಳಲ್ಲಿ ಸಿಕ್ಕ ರೋಗಿಗಳ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ಅದುವರೆಗೆ ತಮ್ಮ ರೋಗವೇ ತಿಳಿದಿರಲಿಲ್ಲ.

ಹಾಗಾದರೆ ಯಾರನ್ನು ಮೊದಲು ಕರೆದು ನೋಡಬೇಕು? ವಂಶವಾಹಿ ಅಂಕದ ಕೆಲಸ ಇಲ್ಲಿ ಶುರುವಾಗುತ್ತದೆ.

ಕೆಲವು ಮನೆತನಗಳಲ್ಲಿ ಒಂದೇ ಜೀನಿನ ದೋಷದಿಂದ ರೋಗ ಬರುತ್ತದೆ. ಮಯೋಸಿಲಿನ್ ಎಂಬ ಜೀನ್ 1997ರಲ್ಲಿ ಹೀಗೆ ಪತ್ತೆಯಾಯಿತು. ಹುಟ್ಟಿನಿಂದಲೇ ಬರುವ ಗ್ಲಾಕೋಮಕ್ಕೆ ಕಾರಣವಾಗುವ ಮತ್ತೊಂದು ಜೀನಿದೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಅದರ ಕಾಯಿಲೆ ಕಾಣಿಸುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮ ಕಡೆ ಇದನ್ನು ತಿಳಿದಿರುವುದು ಒಳ್ಳೆಯದು. ಕೂಸಿನ ಕಣ್ಣು ಅತಿ ದೊಡ್ಡದಾಗಿದ್ದು, ಬೆಳಕಿಗೆ ಮುಚ್ಚಿಕೊಂಡು ನೀರು ಸುರಿಸಿದರೆ ‘ಎಷ್ಟು ಚೆಂದದ ಕಣ್ಣು’ ಎಂದು ಸುಮ್ಮನಿರಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ.

ಉಳಿದ ಬಹುಪಾಲು ಮಂದಿಯಲ್ಲಿ ಹೀಗೆ ಒಂದೇ ಜೀನನ್ನು ದೂರುವಂತಿಲ್ಲ. ತಕ್ಕಡಿಯನ್ನು ನೆನೆಯಿರಿ. 300 ಕೋಟಿ ಅಕ್ಷರಗಳ ನಮ್ಮ ವಂಶಲಿಪಿಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಮನುಷ್ಯರಿಂದ ಮನುಷ್ಯರಿಗೆ ಬೇರೆಯಿರುತ್ತದೆ. ಅವುಗಳಲ್ಲಿ ಕೆಲವು ಅಪಾಯವನ್ನು ರಾಗಿಕಾಳಿನಷ್ಟು ಹೆಚ್ಚಿಸುತ್ತವೆ, ಕೆಲವು ಕಡಲೇಕಾಯಿಯಷ್ಟು. ಎಲ್ಲವನ್ನೂ ತೂಗಿ ಕೂಡಿಸಿದ ಮೊತ್ತವೇ ಅಂಕ. ಸ್ವಲ್ಪ ಎಂಜಲೋ ರಕ್ತವೋ ಇದ್ದರೆ ಸಾಕು. ವಂಶಲಿಪಿ ಬದಲಾಗದ ಕಾರಣ ಪರೀಕ್ಷೆ ಒಮ್ಮೆ ಮಾಡಿದರೆ ಮುಗಿಯಿತು. 2020ರಲ್ಲಿ ಆಸ್ಟ್ರೇಲಿಯಾದ ಜೇಮಿ ಕ್ರೇಗ್, ಸ್ಟುವರ್ಟ್ ಮ್ಯಾಕ್‌ಗ್ರೆಗರ್ ಮತ್ತು ಸಂಗಡಿಗರು ಇಂಥ ಅಂಕವೊಂದನ್ನು ಪ್ರಕಟಿಸಿದರು. ಅತಿ ಹೆಚ್ಚು ಅಂಕದ ಶೇ 10 ಮಂದಿ, ಅತಿ ಕಡಿಮೆ ಅಂಕದ ಶೇ 10 ಮಂದಿಗಿಂತ ಹತ್ತು ವರ್ಷ ಮೊದಲೇ ಅಷ್ಟೇ ಅಪಾಯದ ಮಟ್ಟ ಮುಟ್ಟುತ್ತಾರೆಂದು ಅವರು ಕಂಡರು. ಹೆಚ್ಚು ಅಂಕ ಬಂದರೆ ರೋಗ ಬಂದೇಬಿಟ್ಟಿತು ಎಂದಲ್ಲ. ಬೇಗ ಬನ್ನಿ, ಆಗಾಗ ಬನ್ನಿ ಎಂದರ್ಥ.

ಆದರೆ ಆ ತಕ್ಕಡಿಯ ತೂಕದ ಕಲ್ಲುಗಳು ಬಹುಪಾಲು ಯುರೋಪ್ ಮೂಲದವರ ವಂಶಲಿಪಿಯಿಂದ ಬಂದವು. ಹೊಳಲ್ಕೆರೆಯ ಕೂಲಿಕಾರರನ್ನು ಅದರಲ್ಲಿ ತೂಗಿದರೆ ಲೆಕ್ಕ ತಪ್ಪಬಹುದು. ನೀರು ಹೊರಹೋಗುವ ಮೂಲೆಯೇ ಇಕ್ಕಟ್ಟಾಗುವ ಇನ್ನೊಂದು ಬಗೆಯ ಗ್ಲಾಕೋಮ ನಮ್ಮಲ್ಲಿ ಯುರೋಪಿಗಿಂತ ಹೆಚ್ಚು, ಈ ಅಂಕ ಅದಕ್ಕಾಗಿ ಕಟ್ಟಿದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಸುಮಾರು 10,000 ಭಾರತೀಯರ ವಂಶಲಿಪಿ ಓದಿಯಾಗಿದೆ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು. ಅದರ ಜೊತೆಗೆ ನಮ್ಮ ಸಾವಿರಾರು ಜನರ ಕಣ್ಣಿನ ತಪಾಸಣೆಯ ದಾಖಲೆಯೂ ಕೂಡಬೇಕು. ಆಗ ಕಲ್ಲುಗಳು ನಮ್ಮವಾಗುತ್ತವೆ. ಈ ಕೆಲಸ ಬೇಗ ಆಗಲಿ ಎಂಬುದು ನನ್ನ ಆಸೆ. ದಿನಗೂಲಿ ಬಿಟ್ಟು ಚಿತ್ರದುರ್ಗದ ಆಸ್ಪತ್ರೆಗೆ ಬರುವವರಿಗೆ ಆ ಒಂದು ದಿನ ದೊಡ್ಡದು, ಯಾರು ಬರಲೇಬೇಕೆಂದು ಮೊದಲೇ ತಿಳಿದರೆ ಆ ದಿನ ವ್ಯರ್ಥವಾಗದು.

ಅಲ್ಲಿಯವರೆಗೆ ಕಾಯಬೇಕಿಲ್ಲ, ಕಾಸಿಲ್ಲದೆ ಸಿಗುವ ಅಂಕ ಮನೆಯಲ್ಲೇ ಇದೆ. ನೆದರ್ಲೆಂಡ್ಸಿನ ರಾಟರ್ಡ್ಯಾಮ್ ಅಧ್ಯಯನದಲ್ಲಿ ರೋಗಿಗಳ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೆ ಬದುಕಿನಲ್ಲಿ ಗ್ಲಾಕೋಮ ಬರುವ ಅಪಾಯ ಶೇ 22ರಷ್ಟಿತ್ತು, ರೋಗವಿಲ್ಲದ ಮನೆಯವರಲ್ಲಿ ಶೇ 2.3 ಮಾತ್ರ. ಅಪ್ಪನೋ ಅಕ್ಕನೋ ಗ್ಲಾಕೋಮದ ಹನಿ ಹಾಕುತ್ತಿದ್ದರೆ, ನಲವತ್ತು ದಾಟಿದ ನೀವು ಒತ್ತಡದ ಜೊತೆಗೆ ಕಣ್ಣಿನ ನರವನ್ನೂ ನೋಡಿ ಎಂದು ವೈದ್ಯರನ್ನು ಕೇಳಿ. ಪಾಪೆ ಹಿಗ್ಗಿಸಲು ಹನಿ ಹಾಕಿದರೆ ಕೆಲವು ಗಂಟೆ ಮಂಜಾಗಿ ಕಾಣುತ್ತದೆ. ಬೈಕಿನಲ್ಲಿ ಒಬ್ಬರೇ ಹೋಗಬೇಡಿ, ತಮ್ಮನನ್ನೂ ಕರೆದೊಯ್ಯಿರಿ. ಅವನ ಕಣ್ಣನ್ನೂ ತೋರಿಸಬೇಕಲ್ಲ.