ಕೆಳತುಟಿಗೆ ಬಂದ ಮೀಸೆ

ಬಾರೋ, ಕೂತ್ಕೋ. ತುಟಿ ಕ್ಯಾನ್ಸರ್ ಆಪರೇಷನ್ನಿಗೆ ಇನ್ನೂ ನಾಲ್ಕು ದಿನ ಇದೆ, ನೀನಾಗಲೇ ಕನ್ನಡಿ ಹಿಡ್ಕೊಂಡು "ತಾತ, ಮದುವೆ ಫೋಟೋ ಹೊತ್ತಿಗೆ ಸರಿಹೋಗುತ್ತಾ?" ಅಂತೀಯ. ಕೂಸು ಹುಟ್ಟೋ ಮುಂಚೆ ಕುಲಾವಿ! ಹುಣ್ಣು ವಾಸಿಯಾಗದಿದ್ದಾಗ ಡಾಕ್ಟರಿಗೆ ತೋರಿಸೋಕೆ ಮಾತ್ರ ಪುರುಸೊತ್ತಿರಲಿಲ್ಲ. ಬೈಯೋ ಹಕ್ಕು ನನಗಿಲ್ಲ ಬಿಡು. ನನ್ನ ಕೆಳತುಟಿಗೂ ಇದೇ ಹುಣ್ಣಾದಾಗ ಅದರ ಪಕ್ಕದಲ್ಲೇ ಆರು ತಿಂಗಳು ಹೊಗೆಸೊಪ್ಪು ಒತ್ತಿಟ್ಟವನು ನಾನು.

ತುಟಿ ಅಂದ್ರೆ ಬರೀ ಚರ್ಮ ಅಲ್ಲ ಕಣೋ. ನನ್ನ ಎಲೆಅಡಿಕೆ ಸಂಚಿ ಬಾಯಿಗೆ ದಾರ ಇತ್ತಲ್ಲ, ತುಟಿಯೊಳಗೂ ಹಾಗೇ ಬಾಯಿ ಸುತ್ತ ಒಂದು ಸ್ನಾಯು. ಕ್ಯಾನ್ಸರ್ ಜೊತೆ ಸುತ್ತಲಿನ ಒಳ್ಳೆ ಮಾಂಸವೂ ಒಂದಿಷ್ಟು ಹೋಗುತ್ತೆ, ದಾರ ತುಂಡಾಗುತ್ತೆ. ತುಟಿಯ ಮೂರನೇ ಒಂದು ಪಾಲಿನೊಳಗಾದ್ರೆ ಸಾಮಾನ್ಯವಾಗಿ ಎರಡು ಕಡೆಯಿಂದ ಎಳೆದು ಹೊಲೀತಾರೆ. ನಿನ್ನದು ಅಷ್ಟೇ, ಪುಣ್ಯವಂತ.

ನನಗೆ ಅರ್ಧ ಹೋಗಿತ್ತು. ಮೇಲ್ತುಟಿಯಿಂದ ಮುಕ್ಕೋನದ ತುಂಡು ಕೊಯ್ದು, ರಕ್ತನಾಳದ ಒಂದೆಳೆ ಉಳಿಸಿ, ಕೆಳಕ್ಕೆ ತಿರುಗಿಸಿ ಹೊಲಿದರು. 1898ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಅಬೆ ಅನ್ನೋ ಸರ್ಜನ್ನು ಸೀಳುತುಟಿಗೆ ಕೆಳಗಿನ ತುಂಡನ್ನ ಮೇಲಕ್ಕೆ ತಿರುಗಿಸಿದ್ದನಂತೆ. ನನ್ನದು ಅದರ ಉಲ್ಟಾ. ತುಂಡು ಹೊಸ ಜಾಗದಲ್ಲಿ ಬೇರು ಬಿಡೋವರೆಗೆ, ಮೂರು ವಾರ, ಎರಡು ತುಟಿಗೂ ಗಂಟು. ಪಕ್ಕದ ಸಂದೀಲಿ ಗಂಜಿ. ನಿಮ್ಮಜ್ಜಿಗೆ ನಾನು ಎದುರಾಡದ ಮೂರು ವಾರ ಅಂದ್ರೆ ಅದೊಂದೇ.

ಗಂಟು ಬಿಡಿಸಿದ ಮೇಲೆ ನೋಡು ನಿಜವಾದ ಕೆಲಸ. ಕಾಫಿ ಬಿಸಿ ತುಟಿಗೆ ಗೊತ್ತಾಗ್ತಿರಲಿಲ್ಲ, ನಾಲಿಗೆ ಸುಟ್ಟ ಮೇಲೇ ತಿಳೀತಿತ್ತು. ನೀನೂ ಆರಿಸಿ ಕುಡಿ. ಜೊಲ್ಲು ಸೋರುತ್ತೆ, ಜೇಬಲ್ಲಿ ಎರಡು ಕರ್ಚೀಫಿರಲಿ. "ಅಜ್ಜಿ", "ತಾತ" ಸಲೀಸಾಗಿ ಬಂತು; "ಅಪ್ಪ", "ಅಮ್ಮ" ಅನ್ನೋಕೆ ತುಟಿ ಮುಚ್ಚಬೇಕಲ್ಲ! ಒಂದನೇ ಕ್ಲಾಸಿನ ಹುಡುಗನ ಹಾಗೆ ದಿನಾ ಪ ಫ ಬ ಭ ಮ ಒಪ್ಪಿಸ್ತಿದ್ದೆ. ಬಾಯಿ ಕಿರಿದಾಗಿತ್ತು, ಮುದ್ದೆ ತುತ್ತು ಗೋಲಿ ಗಾತ್ರ. ಅದಕ್ಕೇ ಹೇಳೋದು, ಮೊದಲು ಸಾರು ಸೋರದ ಬಾಯಿ ಕೇಳು, ಫೋಟೋ ಆಮೇಲೆ. ಬೀಡಿ ಸಹವಾಸ ಬೇಡ. ಹೊಲಿಗೆ ಕೂಡೋಕೆ ರಕ್ತ ಹರೀಬೇಕು, ಬೀಡಿ ನಾಳಾನೇ ಕುಗ್ಗಿಸುತ್ತೆ. ಕುತ್ತಿಗೇಲಿ ಗಂಟು ಇದೆಯಾ ಅಂತ ನೋಡೋಕೆ ಡಾಕ್ಟರು ಕರೆದ ದಿನ ತಪ್ಪಿಸಬೇಡ.

ಚೆಂದದ ಚಿಂತೆ ನನಗೂ ಇತ್ತು ಕಣೋ, ಸುಳ್ಳು ಯಾಕೆ? ಮೇಲ್ತುಟಿ ಚರ್ಮ ಅಲ್ವಾ, ಕೆಳಗೆ ಬಂದ ಮೇಲೂ ಮೀಸೆ ಬಿಡ್ತು. ಕ್ಷೌರದವನು ಕತ್ತರಿ ಹಿಡಿದು ಅಷ್ಟು ಹೊತ್ತು ನೋಡಿದ. "ಯಜಮಾನ್ರೇ, ಇದನ್ನ ಮೀಸೆ ಲೆಕ್ಕಕ್ಕೆ ಹಾಕ್ಲೋ, ಗಡ್ಡದ ಲೆಕ್ಕಕ್ಕೋ?" ಅಂದ.